ಬ್ರಹ್ಮಗಿರಿ ದಾಟಿದ ಸೈಕಲ್ಲು

ಹುದಿಕೇರಿ,
೧೭ ಮಾರ್ಚ್ ೧೯೩೬

ಶ್ರೀಮನ್ಮಹಾರಾಜಮಾನ್ಯ, ಸಕಲಗಿರಿಶಿಖರಾಕ್ರಮಣಧುರಂಧರ, ತಡಿಯಂಡಮೋಳಿನ ನೆತ್ತಿಯ ಮೇಲೆ ನಿಂತು ಬಿಕ್ಕಳಿಸಿದ ಪ್ರಥಮ ಪುರುಷ, ಪೆರುಂಬಾಡಿ ಘಟ್ಟದಲ್ಲಿ ಸೈಕಲ್ ಸಮೇತ ಚರಂಡಿಪ್ರವೇಶ ಮಾಡಿಯೂ ಧೈರ್ಯಗೆಡದ ವೀರಾಗ್ರಣಿ, ಹಾಲಿ ರಾವಲ್ಪಿಂಡಿಯ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತಗಿರಿಯ ಸಿಂಹಾಸನವನ್ನು ಅಲಂಕರಿಸಿರುವ ಕುಟ್ಟಪ್ಪ ಮಹಾಶಯರ ದಿವ್ಯಸನ್ನಿಧಾನಕ್ಕೆ, ಹುದಿಕೇರಿ ಸಂಸ್ಥಾನದ ಸೈಕಲ್ ಖಾತೆಯ ಮಂತ್ರಿ ಪೊನ್ನಪ್ಪನು ಮಾಡುವ ಸಾಷ್ಟಾಂಗ ಬಿನ್ನಹಗಳು.

ತರುವಾಯ, ಪತ್ರ ತಡವಾಯಿತು. ತಪ್ಪು ನನ್ನದಲ್ಲ, ನನ್ನ ಬಲಭುಜದ್ದು. ಅದರ ಮೇಲೆ ಒಂದು ಸೈಕಲ್ಲು ಕೂತು ಬೆಟ್ಟ ಹತ್ತಿದೆ. ಆಮೇಲೆ ಪೆನ್ನು ಹಿಡಿದಾಗಲೆಲ್ಲ ಭುಜವು ತನ್ನ ಅಹವಾಲನ್ನು ಸಲ್ಲಿಸುತ್ತಿತ್ತು. ಈಗ ಎಣ್ಣೆ ತಿಕ್ಕಿಸಿಕೊಂಡು ರಾಜಿಗೆ ಬಂದಿದೆ.

ನೀನು ಕೇಳಿದ್ದು ಒಂದೇ ವಿಷಯ: ರಜೆ ಸಿಗಲಿಲ್ಲ, ಅಪ್ಪ ತೀರಿಹೋಗಿ ವರ್ಷ ತುಂಬುವ ಮೊದಲು ತಿರುನೆಲ್ಲಿಯಲ್ಲಿ ಪಿಂಡ ಬಿಡಬೇಕು, ಅವ್ವನನ್ನು ಕರೆದುಕೊಂಡು ಹೋಗಿ ನನ್ನ ಪರವಾಗಿ ಆ ಕೆಲಸ ಮಾಡಿಸುತ್ತೀಯಾ, ಎಂದು. ಅದು ಆಯಿತೋ ಇಲ್ಲವೋ ಎಂದು ತಿಳಿಯಲು ನೀನು ಈಗಲೇ ಕೊನೆಯ ಪುಟಕ್ಕೆ ಹಾರಲಿದ್ದೀಯ. ಹಾರಬೇಡ. ನಾನು ಹಾರಲಿಲ್ಲ, ನಡೆದೆ. ನೀನೂ ನಡೆ.

ನಿನ್ನ ತಂತಿ ಬಂದ ದಿನ ನಿನ್ನ ಅವ್ವ, ನನ್ನ ಮಾವಿ, ಜಗಲಿಯಲ್ಲಿ ಕೂತು ಮೆಣಸು ಹಸನು ಮಾಡುತ್ತಿದ್ದರು. ಓದಿ ಹೇಳಿದೆ. ಅವರ ಸ್ವಭಾವ ನಿನಗೇ ಗೊತ್ತು. ಕೈ ನಿಲ್ಲಿಸಲಿಲ್ಲ.

“ಸರ್ಕಾರ ರಜೆ ಕೊಡ್ಲಿಲ್ಲ ಅಂತ ಸತ್ತವರನ್ನ ಕಾಯಿಸ್ಲಿಕ್ಕೆ ಆಗ್ತದಾ? ನಾವು ಹೋಗುವ ಪೊನ್ನು,” ಅಂದರು.

“ಕುಟ್ಟದವರೆಗೆ ಬಸ್ಸುಂಟು ಮಾವಿ. ಅಲ್ಲಿಂದ ತೋಲ್ಪೆಟ್ಟಿ ದಾರಿಯಲ್ಲಿ ಗಾಡಿ ಮಾಡುವ,” ಅಂದೆ.

“ತಮ್ಮ ಅಪ್ಪ ಅವ್ವನ ಕೆಲಸಕ್ಕೆ ಕುಟ್ಟಪ್ಪನ ಅಪ್ಪ ಇರ್ಪಿನಿಂದ ಬೆಟ್ಟ ದಾಟಿಯೇ ಹೋಗ್ತಿದ್ದದ್ದು. ಈಗ ಅವರ ಕೆಲಸಕ್ಕೆ ನಾನು ಗಾಡಿಯಲ್ಲಿ ಮೂಟೆ ಹಾಗೆ ಕೂತು ಹೋಗುವುದಾ? ಎಂತ ಮಾತು!”

ಸರಿ, ನಡಿಗೆ ಎಂದು ತೀರ್ಮಾನವಾಯಿತು. ಹೊರಡುವ ಬೆಳಿಗ್ಗೆ ನೋಡುತ್ತೇನೆ, ಅಂಗಳದಲ್ಲಿ ನಿನ್ನ ಅಪ್ಪನ, ನನ್ನ ಬೆಳ್ಯಪ್ಪ ಮಾವನ ಸೈಕಲ್ಲು ಸ್ನಾನ ಮಾಡಿ ನಿಂತಿದೆ. ಹ್ಯಾಂಡಲಿಗೆ ಅಕ್ಕಿ ಎಳ್ಳಿನ ಚೀಲ, ನಡುವಿನ ಬಾರಿಗೆ ಛತ್ರಿ. ಸಾಮಾನು ಹೊರಲು ಬಂದಿದ್ದ ನಿಮ್ಮ ಗದ್ದೆಯ ಮಲ್ಲ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

“ಅಯ್ಯ, ಇದೂ ಬರ್ತದಾ?”

“ಬರ್ತದೆ,” ಅಂದರು ಮಾವಿ ಒಳಗಿನಿಂದಲೇ. “ಇದನ್ನ ಬ್ರಹ್ಮಗಿರಿ ದಾಟಿಸ್ತೇನೆ ಅಂತ ಅವರು ಹೇಳಿದ್ದು ಊರಿಗೇ ಗೊತ್ತುಂಟು.”

ಮಲ್ಲ ನನ್ನ ಕಿವಿಯ ಹತ್ತಿರ ಬಂದು, “ಅಯ್ಯ, ಇದು ನಮ್ಮನ್ನ ಹೊರ್ಲಿಕ್ಕೆ ಇರುವುದಲ್ವಾ? ಬೆಟ್ಟದಲ್ಲಿ ಇದನ್ನ ನಾವು ಹೊತ್ತರೆ ಇದಕ್ಕೆ ನಾಚಿಕೆ ಆಗುದಿಲ್ವಾ?” ಎಂದ. ಸೈಕಲ್ ಖಾತೆಯ ಮಂತ್ರಿಯಾಗಿ ನಾನು ಆ ಪ್ರಶ್ನೆಯನ್ನು ಮುಂದಿನ ಅಧಿವೇಶನಕ್ಕೆ ಮುಂದೂಡಿದೆ.

ಈ ಸೈಕಲ್ಲು ಮನೆಗೆ ಬಂದ ವರ್ಷ ನೆನಪಿದೆಯೇ? ನನ್ನ ಅಪ್ಪ ಯುದ್ಧಕ್ಕೆಂದು ಬಸ್ರಾಕ್ಕೆ ಹೋದವನು ಅಲ್ಲೇ ಮಣ್ಣಾದ ಮೇಲೆ, ನಾನು ಶಾಲೆಗೆ ಹೊರಡುತ್ತಿದ್ದದ್ದು ನಮ್ಮ ಮನೆಯಿಂದ, ಸೇರುತ್ತಿದ್ದದ್ದು ನಿಮ್ಮ ಮನೆಗೆ. ಬೆಳ್ಯಪ್ಪ ಮಾವ ಗೋಣಿಕೊಪ್ಪಲಿನಿಂದ ಇದನ್ನು ತುಳಿದುಕೊಂಡು ಬಂದು, ಅಂಗಳದಲ್ಲಿ ಬಿದ್ದು, ಬಿದ್ದಲ್ಲಿಂದಲೇ, “ಮಕ್ಕಳೇ, ಇನ್ನು ಕೊಡಗಿನ ಬೆಟ್ಟವೆಲ್ಲ ನಮ್ಮದು!” ಎಂದಿದ್ದರು. ಸೈಕಲ್ಲು ಒಂದು, ಸವಾರರು ಮೂವರು. ಅದಕ್ಕೆ ಅವರೇ ಮಾಡಿದ ಕಾನೂನು: ಒಬ್ಬ ತುಳಿದುಕೊಂಡು ಮುಂದೆ ಹೋಗುವುದು, ದಾರಿಯ ಪಕ್ಕ ಕಾಣುವಂಥ ಮರಕ್ಕೆ ಸೈಕಲ್ ಒರಗಿಸಿ, ತಿರುಗಿ ನೋಡದೆ ನಡೆಯುವುದು. ಹಿಂದೆ ನಡೆದು ಬಂದವನು ಅದನ್ನು ಹತ್ತಿ, ಮುಂದಿನವನನ್ನು ದಾಟಿ, ಇನ್ನೊಂದು ಮರಕ್ಕೆ ಒರಗಿಸಿ ಇಳಿಯುವುದು. ಹಾಗೆ ಮೂವರೂ ಅರ್ಧ ನಡೆದು ಅರ್ಧ ತುಳಿದು ಕಕ್ಕಬ್ಬೆಗೆ ಹೋಗಿ, ತಡಿಯಂಡಮೋಳ್ ಹತ್ತಿ, ಅದನ್ನು ಹುದಿಕೇರಿಗೆ ಸೇರಿಸಿಕೊಂಡಿದ್ದೇನೆಂದು ನಾನು ಘೋಷಣಾಪತ್ರ ಓದಿದ್ದು! ನೀನು ಬಿಕ್ಕಳಿಸಿ ಆ ಗಾಂಭೀರ್ಯವನ್ನೆಲ್ಲ ಹಾಳು ಮಾಡಿದೆ.

ಮಾವ ಮಾತ್ರ ತಮ್ಮ ಕಾನೂನನ್ನು ತಾವೇ ಮುರಿಯುತ್ತಿದ್ದರು. ಸೈಕಲನ್ನು ಲಂಟಾನದ ಪೊದೆಯೊಳಗೆ ಅಡಗಿಸಿ, ನಾವು ಹುಡುಕಿ ಹುಡುಕಿ ಅಳುವ ಹಂತಕ್ಕೆ ಬಂದಾಗ ಎಲ್ಲಿಂದಲೋ ಕೋಗಿಲೆಯ ಹಾಗೆ ಕೂಗುವುದು. ಕಿಡಿಗೇಡಿತನ ನನಗೆ ಹುಟ್ಟಿನಿಂದ ಬಂದದ್ದೆಂದು ನಮ್ಮ ಮೇಷ್ಟರು ತಿಳಿದಿದ್ದರು. ಅಲ್ಲ, ಅದು ಕಲಿತ ವಿದ್ಯೆ.

ಇರ್ಪಿನ ದಾರಿಗೆ ಬರುತ್ತೇನೆ. ಶ್ರೀಮಂಗಲ ದಾಟಿದ ಮೇಲೆ ದಾರಿ ಸ್ವಲ್ಪ ಸಮವಾಗಿದೆಯಲ್ಲ, ಅಲ್ಲಿ ಮಾವಿ, “ನೀನು ತುಳಿದುಕೊಂಡು ಮುಂದೆ ಹೋಗು, ನಾವು ನಿಧಾನಕ್ಕೆ ಬರ್ತೇವೆ,” ಅಂದರು. ಹೋದೆ. ಗಾಳಿಗೆ ಕಾಫಿಹೂವಿನ ವಾಸನೆ. ಮಂಡಿಗೆ ಹದಿಮೂರು ವರ್ಷದ ಹುಡುಗನ ಬಲ ಬಂದಿತ್ತು. ಸುಮಾರು ದೂರ ತುಳಿದು, ಒಂದು ಮಾವಿನ ಮರ ನೋಡಿ, ಸೈಕಲನ್ನು ಅದಕ್ಕೆ ಚೆನ್ನಾಗಿ ಒರಗಿಸಿ, ಇಳಿದು ನಡೆದೆ. ತಿರುಗಿ ನೋಡಲಿಲ್ಲ. ಶಿಳ್ಳೆ ಹಾಕಿಕೊಂಡು ಎಷ್ಟೋ ದೂರ ನಡೆದೆ. ನೀರು ಹರಿವ ಒಂದು ತೋಡಿನ ಹತ್ತಿರ ನಿಂತು, ಇಷ್ಟು ಹೊತ್ತಾದರೂ ಹಿಂದಿನಿಂದ ಬೆಲ್ಲು ಕೇಳಿಸಲಿಲ್ಲವಲ್ಲ, ಈ ಕುಟ್ಟಪ್ಪ ಎಲ್ಲಿ ಸತ್ತ ಎಂದು ನಿನ್ನನ್ನು ಬಯ್ದುಕೊಂಡೆ. ಆಮೇಲೆ ನಿಂತಲ್ಲೇ ಕೂತೆ.

ವಾಪಸು ಓಡಬೇಕಿತ್ತು. ಓಡಲಿಲ್ಲ, ಕೂತೇ ಇದ್ದೆ. ಸ್ವಲ್ಪ ಹೊತ್ತಿನಲ್ಲಿ ತಿರುವಿನಲ್ಲಿ ಮಾವಿ ಕಂಡರು. ಹಿಂದೆ ನೆರಿಗೆ ಕಟ್ಟಿದ ಸೀರೆ, ತಲೆಗೆ ವಸ್ತ್ರ, ಎರಡೂ ಕೈಯಲ್ಲಿ ಹ್ಯಾಂಡಲ್. ಹಟಮಾರಿ ಕರುವನ್ನು ಹಟ್ಟಿಗೆ ತಳ್ಳುವ ಹಾಗೆ ಸೈಕಲನ್ನು ತಳ್ಳಿಕೊಂಡು ಬರುತ್ತಿದ್ದರು. ಹಿಂದೆ ಮಲ್ಲ ನಗುತ್ತಿದ್ದ.

“ಎಂತದು ಇದು? ಯಾರಿಗೆ ಅಂತ ಬಿಟ್ಟಿದ್ದು?” ಎಂದು ಮಾವಿ ಕೇಳಿದರು.

ನಾನು ಎದ್ದು ಬಟ್ಟೆಯ ಧೂಳು ಕೊಡವಿಕೊಂಡೆ. ಅವರು ನನ್ನ ಮುಖ ನೋಡಿದರು. ಸೈಕಲನ್ನು ನನ್ನ ಕೈಗೆ ಕೊಟ್ಟು, “ಅವರೂ ಹೀಗೆಯೇ. ಕಳೆದ ಮಳೆಗಾಲಕ್ಕೆ ಮುಂಚೆ ಒಬ್ಬರೇ ಶ್ರೀಮಂಗಲಕ್ಕೆ ಹೋದವರು ಇದನ್ನ ದಾರಿಯಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದರು. ಮರೆವು ಶುರುವಾಯ್ತು ಅಂತ ನಾನು ಬಯ್ದೆ,” ಅಂದರು. ಸ್ವಲ್ಪ ದೂರ ನಡೆದು, “ಬಯ್ಯಬಾರದಿತ್ತು,” ಅಂದರು.

ಇರ್ಪಿನ ಅಬ್ಬಿಯ ಧಾರೆಗೆ ತಲೆಯೊಡ್ಡಿ ಮಿಂದು, ರಾತ್ರಿ ದೇವಸ್ಥಾನದ ಜಗಲಿಯಲ್ಲಿ ಮಲಗಿ, ಬೆಳಕು ಹರಿಯುವಾಗ ಹತ್ತಲು ತೊಡಗಿದೆವು. ಕಾಡಿನೊಳಗಿನ ಏರಿನಲ್ಲಿ ಸೈಕಲನ್ನು ಮೊದಲು ತಳ್ಳಿದೆ, ಆಮೇಲೆ ಎಳೆದೆ, ಕೊನೆಗೆ ಭುಜಕ್ಕೇರಿಸಿದೆ. ಪೆಡಲು ಪಕ್ಕೆಗೆ ತಿವಿಯುತ್ತಿತ್ತು. ಬಿದಿರಿನ ಹಿಂಡಿಲಿನ ಹತ್ತಿರ ಹಸಿ ಲದ್ದಿ ಕಂಡಿತು. ಮಲ್ಲ ನಿಂತುಬಿಟ್ಟ.

“ಆನೆ ಈಗ ಹೋದದ್ದೇ. ಅಯ್ಯ, ಬೆಲ್ಲು ಹೊಡೀರಿ.”

“ಹೊಡೆದರೆ ಹೋಗ್ತದಾ?”

“ಬೆಳ್ಯಪ್ಪಯ್ಯ ಹೊಡೀತಿದ್ದರು. ಆನೆ ಹೋಗ್ತಿತ್ತು. ಬೆಲ್ಲಿಗೆ ಹೋಗ್ತಿತ್ತೋ ಅವರು ಹಾಡ್ತಿದ್ದ ಪದ ಕೇಳ್ಲಿಕ್ಕಾಗದೆ ಹೋಗ್ತಿತ್ತೋ, ಯಾರಿಗೆ ಗೊತ್ತು?”

ಮಾವಿ ನಗು ತಡೆಯಲಾರದೆ ಬಂಡೆಗೆ ಒರಗಿದರು. ಭುಜದ ಮೇಲೆ ಸೈಕಲ್ಲು, ಹೆಬ್ಬೆರಳಲ್ಲಿ ಬೆಲ್ಲು, ಎದುರಿಗೆ ಕಾಣದ ಆನೆ. ನಿನಗಾಗಿ ನಾನು ಪಟ್ಟ ಪಾಡನ್ನು ಚಿತ್ರಪಟ ಮಾಡಿಸಿ ರಾವಲ್ಪಿಂಡಿಯ ಕಚೇರಿಯಲ್ಲಿ ತೂಗು ಹಾಕತಕ್ಕದ್ದು.

ಕಾಡು ಮುಗಿದು ಹುಲ್ಲಿನ ಬೋಳು ಬಂದಾಗ ಬಿಸಿಲು ಏರಿತ್ತು. ಬೆಂಕಿ ಬಿದ್ದು ಕಪ್ಪಾದ ಕಡೆಯಲ್ಲೆಲ್ಲ ಹೊಸ ಹುಲ್ಲು ಮೊಳೆತಿತ್ತು. ಗಡಿಯ ಕಲ್ಲಿನ ಹತ್ತಿರ, ಬೆಟ್ಟದ ಏಣು ತಗ್ಗಿ ದಾರಿ ಆಚೆಗೆ ಇಳಿಯುವಲ್ಲಿ ಸೈಕಲನ್ನು ನಿಲ್ಲಿಸಿದೆ. ಹಿಂದೆ ನಮ್ಮ ಕೊಡಗು, ಮುಂದೆ ವಯನಾಡು, ಗದ್ದೆಗಳು, ನೀಲಿ ಮಂಜು. ಬ್ರಹ್ಮಗಿರಿಗೆ ಬಂದ ಪ್ರಥಮ ಸೈಕಲ್ಲು ಎಂದು ಭಾಷಣ ಮಾಡಲು ಗಂಟಲು ಸರಿಮಾಡಿಕೊಂಡೆ. ಮಾವಿ ಹಣೆಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡುತ್ತಿದ್ದರು.

“ಇಷ್ಟೇಯಾ?” ಅಂದರು.

“ಎಂತ ಇಷ್ಟೇ ಮಾವಿ? ಎರಡು ಸೀಮೆ ಕಾಣ್ತದೆ.”

“ನೀವು ಮೂರು ಜನ ಎಲ್ಲೆಲ್ಲಿಗೋ ಹೋಗಿ ಬರ್ತಿದ್ರಿ. ರಾತ್ರಿ ಊಟಕ್ಕೆ ಕೂತು ಅವರು ಹೇಳ್ತಿದ್ದರು, ಅದು ಕಂಡೆ, ಇದು ಕಂಡೆ, ಮೋಡ ಕಾಲ ಕೆಳಗೆ ಇತ್ತು ಅಂತ. ನಾನು ಒಲೆ ಹತ್ತಿರ ಕೂತು ಕೇಳ್ತಿದ್ದೆ. ಅವರು ಹೇಳುವಾಗ ಇದು ಇನ್ನೂ ದೊಡ್ಡದಿತ್ತು.”

ಮಾವಿಯನ್ನು ಒಂದು ಸಲವಾದರೂ ಕರೆದುಕೊಂಡು ಹೋಗಬೇಕೆಂದು ನಮ್ಮ ಮೂವರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲವಲ್ಲ ಕುಟ್ಟಪ್ಪ. ಬುತ್ತಿ ಕಟ್ಟಿಕೊಟ್ಟವರು ಅವರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಿರುನೆಲ್ಲಿ ಸೇರಿದೆವು. ಸೈಕಲ್ಲನ್ನು ನೋಡಲು ಮಕ್ಕಳು ಮುತ್ತಿಕೊಂಡವು. ಮಲ್ಲ ಅವುಗಳಿಗೆ ಮಲಯಾಳದಲ್ಲಿ, ಇದು ಬೆಟ್ಟವನ್ನು ತಾನಾಗಿ ಹತ್ತಿತೆಂದು ಹೇಳಿ ಗೌರವ ಸಂಪಾದಿಸಿದ.

ಮರುದಿನ ಬೆಳಿಗ್ಗೆ ಕೆಲಸ. ಪಾಪನಾಶಿನಿಯ ನೀರು ಎಷ್ಟು ತಣ್ಣಗೆಂದರೆ ಹಲ್ಲುಗಳು ಒಂದಕ್ಕೊಂದು ಮಾತಾಡಿದವು. ಒದ್ದೆ ಬಟ್ಟೆಯಲ್ಲಿ, ಬೆರಳಿಗೆ ದರ್ಭೆ ಸುತ್ತಿಕೊಂಡು ಕೂತೆ. ನಂಬೂದಿರಿಗಳು ಹೇಳಿದ ಹಾಗೆ ಅನ್ನ, ಎಳ್ಳು, ನೀರು. ಪಿಂಡ ಬಿಟ್ಟೆ. ಹರಿವ ನೀರು ಅದನ್ನು ಒಂದು ಕ್ಷಣ ಕಲ್ಲಿನ ಸಂದಿಯಲ್ಲಿ ಹಿಡಿದು ಆಮೇಲೆ ಕರೆದುಕೊಂಡು ಹೋಯಿತು. ಮಾವಿ ಅಳಲಿಲ್ಲ, “ಹೋಗಿ ಬನ್ನಿ,” ಎಂದರು, ಸಂತೆಗೆ ಹೊರಟವರಿಗೆ ಹೇಳುವ ಹಾಗೆ. ಕೆಲಸದಲ್ಲಿ ಒಂದು ಲೋಪವೂ ಆಗಲಿಲ್ಲ. ನಾನು ಒಂದು ತಮಾಷೆಯನ್ನೂ ಮಾಡಲಿಲ್ಲ. ನಂಬು. ಇನ್ನು ನೀನು ಅಲ್ಲಿ ನೆಮ್ಮದಿಯಾಗಿ ಊಟ ಮಾಡಬಹುದು.

ಬರುವಾಗ ಗಾಡಿದಾರಿ. ಮಾವಿಗೆ ಕಾಲು ಊದಿತ್ತು. “ಕ್ಯಾರಿಯರ್ ಮೇಲೆ ಕೂರಿ,” ಅಂದೆ. “ಹುಚ್ಚಾ ನಿಂಗೆ!” ಅಂದರು. ಇನ್ನೊಂದು ಫರ್ಲಾಂಗು ನಡೆದು ಕೂತರು. ಇಳಿಜಾರು ಬಂತು. ಪೆರುಂಬಾಡಿಯಲ್ಲಿ ಮಾವ ಮಾಡುತ್ತಿದ್ದ ಹಾಗೆ ಎಲೆ ತುಂಬಿದ ಒಂದು ಕೊಂಬೆಯನ್ನು ಹಿಂದಕ್ಕೆ ಕಟ್ಟಿದ್ದೆ, ಬ್ರೇಕಿನ ಬದಲಿಗೆ. ಅದು ಧೂಳೆಬ್ಬಿಸುತ್ತ ಬಂತು, ಧೂಳಿನೊಳಗೆ ಮಲ್ಲ ಕೆಮ್ಮುತ್ತ ಓಡಿ ಬಂದ.

“ನಿಲ್ಸು! ಹಾಳಾದವನೇ, ಬೀಳಿಸ್ತೀಯ! ನಿಲ್ಸು!” ಎಂದು ಮಾವಿ ನನ್ನ ಬೆನ್ನಿಗೆ ಗುದ್ದಿದರು. ನಿಲ್ಲಿಸಿದೆ. ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು, ಆ ಕಡೆ ಈ ಕಡೆ ನೋಡಿ, “ಆ ಕೊಂಬೆ ಬಿಚ್ಚು,” ಅಂದರು.

ಬಿಚ್ಚಿದೆ ಮಾರಾಯ. ತೋಲ್ಪೆಟ್ಟಿಯವರೆಗೆ ನಿನ್ನ ಅವ್ವ ಕಿರುಚಿದ್ದನ್ನು ವಯನಾಡಿನವರು ಇನ್ನೂ ಮರೆತಿರಲಿಕ್ಕಿಲ್ಲ. ಕುಟ್ಟದ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ಮಾತ್ರ ಬಹಳ ಗಂಭೀರವಾಗಿ, “ಊರಲ್ಲಿ ಹೇಳಬೇಡ,” ಎಂದರು. ನಾನು ಊರಲ್ಲಿ ಹೇಳಿಲ್ಲ. ರಾವಲ್ಪಿಂಡಿ ಊರಿನ ಲೆಕ್ಕಕ್ಕೆ ಬರುವುದಿಲ್ಲ.

ಮಾವಿ ಆರೋಗ್ಯವಾಗಿದ್ದಾರೆ. ಕಾಲಿನ ಊತ ಇಳಿದಿದೆ. ಮುಂದಿನ ವರ್ಷ ತಡಿಯಂಡಮೋಳ್ ಎಷ್ಟು ಸಣ್ಣದಿದೆ ನೋಡಬೇಕಂತೆ. ನಿನಗಾಗಿ ಇಷ್ಟೆಲ್ಲ ಹೊತ್ತ ಈ ಭುಜಕ್ಕೆ ನಿನ್ನ ಉಗ್ರಾಣದಿಂದ ಒಂದು ಉಣ್ಣೆಯ ಕೋಟು ಕಳುಹಿಸುವುದು ನ್ಯಾಯವೆಂದು ಮಂತ್ರಿಮಂಡಲ ಅಭಿಪ್ರಾಯಪಟ್ಟಿದೆ. ಇಗ್ಗುತ್ತಪ್ಪ ನಿನ್ನನ್ನು ಕಾಪಾಡಲಿ. ನಿನ್ನ ಮೇಲಧಿಕಾರಿಗೆ ಒಳ್ಳೆಯ ಬುದ್ಧಿಯೂ ನಿನಗೆ ಬೇಗ ರಜೆಯೂ ದೊರೆಯಲಿ. ಅಲ್ಲಿಯ ಚಳಿಗೆ ಕಿವಿ ಮುಚ್ಚಿಕೋ.

ಇಂತು ನಿನ್ನ,
ಪೊನ್ನಪ್ಪ
(ಸೈಕಲ್ ಮಂತ್ರಿ, ಆನೆಗಳ ವಿಭಾಗದ ಹೆಚ್ಚುವರಿ ಹೊಣೆ)

ಮತ್ತೆ: ಒಂದು ಮಾತು ಬಿಟ್ಟಿದ್ದೇನೆ. ಸತ್ತವರಿಗೆ ನೀನು ಯಾರು ಎಂದು ನಂಬೂದಿರಿಗಳು ಕೇಳಿದರು. ‘ಮಗ ದೂರದಲ್ಲಿದ್ದಾನೆ, ನಾನು ಅವನ ಸ್ನೇಹಿತ’ ಎಂದು ಹೇಳಲು ನೀನು ಬರೆದಿದ್ದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ‘ಮಗ’ ಎಂದು. ಮಾವಿ ಪಕ್ಕದಲ್ಲೇ ಇದ್ದರು, ಕೇಳಿಸಿಕೊಂಡರು. ತಿದ್ದಲಿಲ್ಲ. ನನ್ನ ಒದ್ದೆ ತಲೆಗೆ ಅಂಟಿದ್ದ ಒಂದು ಎಲೆಯನ್ನು ತೆಗೆದರು, ಅಷ್ಟೆ. ಆಮೇಲೆ ನಿನ್ನ ಹೆಸರನ್ನೂ ಹೇಳಿದೆ. ನಿನ್ನ ಪಾಲಿನದು ಏನೂ ಕಡಿಮೆಯಾಗಿಲ್ಲ.

ಇನ್ನೊಂದು. ಇದೆಲ್ಲ ನಿನಗಾಗಿ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿಕೊಂಡು ಓದು. ನಿನಗೆ ರಜೆ ಸಿಕ್ಕಿಬಿಡುತ್ತದೋ ಎಂದು ವಾರಗಟ್ಟಲೆ ಹೆದರಿದ್ದೆ. ಇಲ್ಲವೆಂದು ತಂತಿ ಬಂದಾಗ ಮುಖ ಸಪ್ಪೆ ಮಾಡಿಕೊಂಡು ಮಾವಿಗೆ ಓದಿ ಹೇಳಿದೆ. ಕುಟ್ಟಪ್ಪ, ಒಳಗೆ ನನಗೆ ಸಂತೋಷವಾಗಿತ್ತು.