ಎರಡು ಭಾನುವಾರದ ಹೆಂಡತಿ

ಸೇಂಟ್ ಜಾನ್ಸ್, ಚರ್ಚಿನ ಹಾಲ್
ಮಾಂಟ್ಸೆರಾಟ್
ಗುರುವಾರ, 21 ಆಗಸ್ಟ್ 1997

ಅತ್ತೇ,

ಹೀಗೆ ಕರೆದೆ ಅಂತ ಕಾಗದ ಮುದುರಿ ಬುಟ್ಟಿಗೆ ಎಸೀಬೇಡಿ. ಇಷ್ಟು ವರ್ಷ ನಿಮ್ಮನ್ನ ‘ಅದೀನಮ್ಮನವರೇ’ ಅಂತಲೇ ಕರೆದದ್ದು, ಅದೂ ನೀವೇ ಹೇಳಿಕೊಟ್ಟದ್ದು. ಇವತ್ತು ಪೆನ್ನು ಹಿಡಿದ ಕೂಡಲೇ ಈ ಪದ ಬಂತು, ಬರೆದಾಯ್ತು. ನಿಮ್ಮ ಮಂಡಿ ಹೇಗಿದೆ? ಬರ್ಮಿಂಗ್‌ಹ್ಯಾಮಿನ ಚಳಿಗೆ ಎಣ್ಣೆ ಹಚ್ಚಿ ಉಜ್ಜೋರು ಯಾರಾದ್ರೂ ಇದ್ದಾರಾ, ಇಲ್ಲ ಲೋರ್ನಾ ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ರಾತ್ರೀನೇ ಬರೋದಾ? ರಕ್ತದೊತ್ತಡದ ಮಾತ್ರೆ ಬಿಟ್ಟುಬಿಟ್ಟಿದ್ದೀರಿ ಅಂತ ಯಾರೋ ಹೇಳಿದ್ರು. ಬಿಡಬೇಡಿ. ನೀವು ಈಗ ಗಟ್ಟಿಯಾಗಿರಬೇಕು, ಯಾಕೆ ಅಂತ ಹೇಳ್ತೀನಿ. ಫೋನ್ ಮಾಡಬಹುದಿತ್ತಲ್ಲ ಅಂತೀರೇನೋ. ಹಾಲಿನಲ್ಲಿರೋದು ಒಂದೇ ಫೋನು, ಅದರ ಸುತ್ತ ನಲವತ್ತು ಜನದ ಎಂಬತ್ತು ಕಿವಿ. ಅದೂ ಅಲ್ಲದೆ ನನ್ನ ದನಿ ಕೇಳಿದ್ರೆ ನೀವು ಫೋನ್ ಇಟ್ಟುಬಿಡ್ತೀರಿ, ಜೂನ್‌ನಲ್ಲಿ ಎರಡು ಸಲ ಹಾಗೇ ಮಾಡಿದ್ರಿ. ಅದಕ್ಕೇ ಫೆಂಟನ್ ಟೀಚರ್ ಕೈಲಿ ಈ ಕಾಗದ ಕಳಿಸ್ತಿದ್ದೀನಿ. ಅವರು ಇವತ್ತೇ ಹಡಗು ಹತ್ತಿ, ಆಂಟಿಗುವಾದಿಂದ ರಾತ್ರಿ ವಿಮಾನ ಹಿಡಿದು, ನಾಳೆ ಸಂಜೆಯೊಳಗೆ ನಿಮ್ಮ ಬಾಗಿಲು ತಟ್ಟುತ್ತಾರೆ. ವಿಷಯ ಇಷ್ಟು: ಸೋಮವಾರದ ಹಡಗಿಗೆ ನಿಮ್ಮ ಮೊಮ್ಮಗಳ ಹೆಸರು ಬಂದಿದೆ. ನನ್ನ ಹೆಸರು ಬಂದಿಲ್ಲ.

ವೆರ್ನಾ ಚೆನ್ನಾಗಿದ್ದಾಳೆ ಅಂತ ಬರೆದ್ರೆ ಸುಳ್ಳಾಗುತ್ತೆ. ಬೂದಿ ಕುಡಿದು ಕುಡಿದು ಕೆಮ್ಮು ಎದೆಗೆ ಇಳಿದಿದೆ. ಬೆಟ್ಟ ಬಾಯಿ ತೆರೆದು ಬೆಂಕಿ, ಬೂದಿ ಉಗುಳೋಕೆ ಶುರುವಾಗಿ ಎರಡು ವರ್ಷ ಆಯ್ತಲ್ಲ, ಈ ಮಗು ಅದರಲ್ಲಿ ಹದಿಮೂರು ತಿಂಗಳು ಇದೇ ಹಾಲಿನ ಮಂಚದ ಮೇಲೆ ಕಳೆದಿದೆ. ನಮಗೂ ಪಕ್ಕದ ಸಂಸಾರಕ್ಕೂ ನಡುವೆ ಒಂದು ಹೂವಿನ ಚಿತ್ರದ ದುಪ್ಪಟಿ. ಅವರ ಗೊರಕೆ ನಮ್ಮದು, ನಮ್ಮ ಕೆಮ್ಮು ಅವರದ್ದು. ಪಾಯಿಖಾನೆಗೆ ಸಾಲು, ನೀರಿಗೆ ಸಾಲು, ಅಕ್ಕಿಗೆ ಸಾಲು, ಡಬ್ಬಿ ಮಾಂಸಕ್ಕೂ ಸಾಲು. ಹೋದ ವಾರ ದ್ವೀಪದ ನಡುವಿನ ಸೇಲಂ ಊರಿನೋರನ್ನೂ ಎಬ್ಬಿಸಿ ಇತ್ತ ಓಡಿಸಿದ್ರು. ಇರೋದೇ ಒಂದು ಹಿಡಿ ದ್ವೀಪ, ಅದರಲ್ಲಿ ದಕ್ಷಿಣವೆಲ್ಲ ಬೆಟ್ಟದ ಪಾಲು, ಉತ್ತರದ ಈ ಬೋಳು ತುದಿಗೆ ಎಲ್ಲರೂ ಬಂದು ಒತ್ತಿಕೊಂಡಿದ್ದೀವಿ. ಪ್ಲಿಮತ್ ಪೇಟೆ ಹೋಯ್ತು. ನಾನು ಬ್ರೆಡ್ ಸುಡ್ತಿದ್ದ ಬೇಕರಿ, ಕೋರ್ಟು, ಗಡಿಯಾರದ ಕಂಬ, ಜನನ ಮರಣ ಮದುವೆ ಬರೆದಿಟ್ಟ ಪುಸ್ತಕಗಳು, ಎಲ್ಲ ಬೂದಿಯ ಅಡಿ. ಸರ್ಕಾರ ಏನು ಮಾಡ್ತಿದೆ ಅಂತೀರಾ? ಗವರ್ನರು ಲಂಡನ್ ಕಡೆ ನೋಡ್ತಾರೆ, ನಮ್ಮ ಮಂತ್ರಿಗಳು ಗವರ್ನರ್ ಕಡೆ ನೋಡ್ತಾರೆ, ನಾವು ಬೆಟ್ಟದ ಕಡೆ ನೋಡ್ತೀವಿ. ಬೆಟ್ಟ ಮಾತ್ರ ಯಾರ ಕಡೆಗೂ ನೋಡೋದಿಲ್ಲ.

ಥಿಯೋ ವಿಷಯ ಬರೆಯದೆ ಮುಂದೆ ಹೋಗೋಕೆ ಆಗ್ತಿಲ್ಲ. ನೀವು ಹೆತ್ತೋರು, ನಿಮಗೆ ಸಂಕಟ ಜಾಸ್ತಿ ಅಂತ ಒಪ್ಕೋತೀನಿ. ಆದ್ರೆ ಆ ದಿನ ಏನಾಯ್ತು ಅಂತ ನಿಮಗೆ ಸರಿಯಾಗಿ ಯಾರೂ ಹೇಳಿಲ್ಲ, ಅದನ್ನ ನಾನೇ ಹೇಳಬೇಕು. ಜೂನ್ ಇಪ್ಪತ್ತೈದು, ಬುಧವಾರ. ಅಕ್ಕಿ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲೋದು ಅವನಿಗೆ ಸಾವಿಗಿಂತ ಕಷ್ಟ ಆಗಿತ್ತು. ವಾರಕ್ಕೆ ಎರಡು ಸಲ ಬೆಟ್ಟದ ಬುಡದ ನಮ್ಮೂರು ಹ್ಯಾರಿಸ್‌ಗೆ ಹೋಗಿ ಗೆಣಸು, ಕ್ಯಾರೆಟ್ ಕಿತ್ತು ತರ್ತಿದ್ದ. ಆ ದಿನ ಗೆಣಸಿಗೆ ಹೋದದ್ದಲ್ಲ. ಕಂದು ಹಸು ಕರು ಹಾಕೋ ದಿನ ಹತ್ತಿರ ಬಂದಿತ್ತು. ನೀವು ಇಂಗ್ಲೆಂಡಿಗೆ ಹೋಗೋವಾಗ ‘ಈ ಹಸುವಿನ ತಳಿ ಮಾರಬೇಡ ಕಣೋ’ ಅಂದಿದ್ರಲ್ಲ, ಅದರ ಮೊಮ್ಮಗಳು ಇದು. ‘ಹೋಗ್ಬೇಡ ಕಣೋ, ಬೆಟ್ಟ ಬೆಳಿಗ್ಗೆಯಿಂದ ಗುರುಗುಡ್ತಿದೆ’ ಅಂದೆ. ‘ಅದು ದಿನಾ ಗುರುಗುಡುತ್ತೆ, ನೀನೂ ದಿನಾ ಗುರುಗುಡ್ತೀಯ, ನಿನ್ನ ಬಿಟ್ಟು ಓಡಿಹೋದ್ನಾ ನಾನು?’ ಅಂತ ನಕ್ಕ. ಟೋಪಿ ಹಾಕ್ಕೊಂಡು ಹೋದ. ಮಧ್ಯಾಹ್ನ ಒಂದು ಗಂಟೆಗೆ ಬೆಟ್ಟ ಸಿಡಿದು ಹಗಲೇ ಕತ್ತಲಾಯ್ತು. ಹುಡುಕೋಕೆ ಹೋದೋರಿಗೆ ಅವನೂ ಸಿಗಲಿಲ್ಲ, ಹಸುವೂ ಸಿಗಲಿಲ್ಲ. ನಿಮ್ಮ ಹಸು ಅಂತ ಚುಚ್ಚೋಕೆ ಇದನ್ನ ಬರೀತಿಲ್ಲ ಅತ್ತೆ. ಅಲ್ಲ, ಸುಳ್ಳು ಯಾಕೆ, ಸ್ವಲ್ಪ ಚುಚ್ಚೋಕೇ ಬರೀತಿದ್ದೀನಿ. ಯಾಕಂದ್ರೆ ಆಮೇಲೆ ರೇಡಿಯೋದಲ್ಲಿ ಅವನ ಸಾವಿನ ಸುದ್ದಿ ಓದಿದ್ರಲ್ಲ, ನೀವು ಇಂಗ್ಲೆಂಡಿಂದ ಹೇಳಿ ಬರೆಸಿದ ದುಃಖತಪ್ತರ ಪಟ್ಟಿ. ಬರ್ಮಿಂಗ್‌ಹ್ಯಾಮಿನಲ್ಲಿ ತಾಯಿ ಅದೀನಾ ಸ್ವೀನಿ, ತಂಗಿ ಲೋರ್ನಾ, ಇಲ್ಲಿ ಮಗಳು ವೆರ್ನಾ, ಬಾಸ್ಟನ್‌ನಲ್ಲಿ ದೊಡ್ಡಪ್ಪನ ಮಕ್ಕಳು, ಆಂಟಿಗುವಾದಲ್ಲಿ ಸೋದರತ್ತೆ, ಜೊತೆಗೆ ಆಟ ಆಡೋ ಕ್ರಿಕೆಟ್ ತಂಡ. ಹಾಲಿನೋರೆಲ್ಲ ಕೆಲಸ ಬಿಟ್ಟು ಕೂತು ಕೇಳ್ತಿದ್ರು. ನನ್ನ ಹೆಸರು ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದೆ. ಹಾಡು ಹಾಕಿಬಿಟ್ರು. ಯಾರೂ ನನ್ನ ಮುಖ ನೋಡಲಿಲ್ಲ ಅತ್ತೆ, ನಲವತ್ತು ಜನದಲ್ಲಿ ಒಬ್ಬರೂ ನೋಡಲಿಲ್ಲ.

ಈಗ ಹಡಗಿನ ವಿಷಯ. ಇಂಗ್ಲೆಂಡಿಗೆ ಹೋಗೋರ ಹೆಸರು ಬರೆಸಿಕೊಳ್ಳೋಕೆ ಶಾಲೆಯ ಜಗಲಿಯಲ್ಲಿ ಮೇಜು ಹಾಕಿದ್ದಾರೆ. ಮೇಜಿನ ಹಿಂದೆ ಕೂತಿದ್ದು ನಮ್ಮ ಹ್ಯಾರಿಸ್‌ನ ಹುಡುಗಿ ಜೊಸೆಟ್, ನನ್ನ ಕೈಯ ಬಿಸಿ ಬ್ರೆಡ್ ತಿಂದು ಬೆಳೆದವಳು. ಕಣ್ಣೆತ್ತದೆ ಕೇಳಿದ್ಲು, ‘ಆಂಟಿ, ನೀವು ಸೇರಿದವರಾ?’ ನಿಮಗೆ ಗೊತ್ತಲ್ಲ ಸರ್ಕಾರಿ ಕಾಗದದ ಆ ಪದ, ಈ ದ್ವೀಪದಲ್ಲಿ ಮನುಷ್ಯರು ಎರಡೇ ಜಾತಿ, ಇಲ್ಲಿ ಹುಟ್ಟಿದೋರು, ಅವರನ್ನ ಮದುವೆಯಾದೋರು ಸೇರಿದವರು, ಮಿಕ್ಕವರೆಲ್ಲ ಸೇರದವರು. ‘ಎಲ್ಲಿಗೆ ಸೇರ್ಬೇಕಮ್ಮ, ಇರೋದೇ ಅರ್ಧ ದ್ವೀಪ’ ಅಂದೆ. ಸಾಲಿನೋರು ನಕ್ಕರು, ಅವಳು ನಗಲಿಲ್ಲ. ‘ಆಂಟಿ, ನಾನು ಬರೀಬೇಕು. ಹುಟ್ಟಿದ್ದು ಡೊಮಿನಿಕಾ. ಮದುವೆ ಸರ್ಟಿಫಿಕೇಟ್ ಇಲ್ಲ. ವೆರ್ನಾ ಸೇರಿದವಳು, ಅವಳು ಇಂಗ್ಲೆಂಡಿಗೆ. ನಿಮ್ಮನ್ನ ನಿಮ್ಮೂರಿಗೆ ಕಳಿಸ್ತಾರೆ.’ ನನ್ನೂರು! ಹದಿನೆಂಟು ವರ್ಷದ ಹಿಂದೆ ಅಲ್ಲೊಂದು ಚಂಡಮಾರುತ ಬಂದು ಅಪ್ಪ ಅಮ್ಮ ಮನೆ ಎಲ್ಲ ಗುಡಿಸಿಕೊಂಡು ಹೋದ ಮೇಲೇ ಅಲ್ಲವಾ ನಾನು ಇಲ್ಲಿಗೆ ಬಂದದ್ದು? ಅಲ್ಲಿ ನನ್ನ ಗುರುತು ಹಿಡಿಯೋ ನಾಯಿಯೂ ಇಲ್ಲ. ಸೋಮವಾರ ಲಿಟಲ್ ಬೇಯಿಂದ ಎರಡು ಹಡಗು ಹೊರಡುತ್ತೆ. ಒಂದರಲ್ಲಿ ಏಳು ವರ್ಷದ ಮಗು, ಇನ್ನೊಂದರಲ್ಲಿ ತಾಯಿ. ಕಾಲು ಹಿಡಿದೆ ಅತ್ತೆ, ನಿಜವಾಗಿ ಜೊಸೆಟ್ ಕಾಲು ಹಿಡಿದೆ. ಅವಳೂ ಅತ್ತುಬಿಟ್ಟಳು. ‘ಸರ್ಟಿಫಿಕೇಟ್ ಬೂದಿಯಲ್ಲಿ ಹೋದೋರಿಗೆ ಒಂದು ದಾರಿ ಇದೆ ಆಂಟಿ, ಗಂಡನ ಮನೆಯ ಹಿರಿಯರು ಯಾರಾದ್ರೂ ಮದುವೆ ಆಗಿದೆ ಅಂತ ಫೋನಿನಲ್ಲಿ ಹೇಳಿದ್ರೆ ಸಾಕು. ಆದ್ರೆ ನಿಮಗೆ ಮದುವೆಯೇ...’ ಅಂತ ಅಲ್ಲಿಗೆ ನಿಲ್ಲಿಸಿದಳು.

ಪಾಪ, ಅವಳಿಗೂ ಗೊತ್ತು. ಇಡೀ ಹ್ಯಾರಿಸ್‌ಗೆ ಗೊತ್ತು. ಚರ್ಚಿನಲ್ಲಿ ಮೂರು ಭಾನುವಾರ ಹೆಸರು ಕೂಗಬೇಕು, ಯಾರದ್ದೂ ತಕರಾರಿಲ್ಲ ಅಂದ್ರೆ ಮದುವೆ. ಎಂಬತ್ತೊಂಬತ್ತರ ಸೆಪ್ಟೆಂಬರ್ ಮೂರಕ್ಕೆ ಕೂಗಿದ್ರು, ಹತ್ತಕ್ಕೆ ಕೂಗಿದ್ರು. ಹೊಟ್ಟೆಯಲ್ಲಿ ವೆರ್ನಾ. ಮೂರನೇ ಭಾನುವಾರ ಎದ್ದು ನಿಂತು ತಕರಾರು ಹೇಳ್ತೀನಿ ಅಂತ ನೀವು ನಲ್ಲಿ ಕಟ್ಟೆಯಲ್ಲಿ ಸಾರಿದ್ರಿ. ಹೊರಗಿನ ಹುಡುಗಿ, ಬೇರೆ ಪಂಥದವಳು, ಮಗನಿಗೆ ಮದ್ದು ಹಾಕಿದ್ದಾಳೆ ಅಂತ. ಆ ಭಾನುವಾರ ಬೆಳಗಾಗೋದರೊಳಗೆ ಹ್ಯೂಗೋ ಚಂಡಮಾರುತ ಬಂತು. ಚರ್ಚಿಗೆ ಸೂರಿಲ್ಲ, ನಮಗೆ ಮನೆಯಿಲ್ಲ. ‘ದೇವರೇ ನನ್ನ ಪರವಾಗಿ ತಕರಾರು ಹೇಳಿಬಿಟ್ಟ’ ಅಂದ್ರಿ, ನನಗೆ ‘ಎರಡು ಭಾನುವಾರದ ಹೆಂಡತಿ’ ಅಂತ ಹೆಸರಿಟ್ಟು ನವೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೊರಟುಹೋದ್ರಿ. ಊರಿನೋರು ಆ ಹೆಸರನ್ನ ಬಿಡಲೇ ಇಲ್ಲ. ಪಾದ್ರಿಗಳು, ಮತ್ತೆ ಮೊದಲಿಂದ ಮೂರು ಸಲ ಕೂಗಬೇಕಮ್ಮ ಅಂದ್ರು. ಥಿಯೋ, ಮೊದಲು ತಲೆ ಮೇಲೆ ತಗಡು ಆಗಲಿ ಅಂದ. ತಗಡಾದ ಮೇಲೆ ಮಗು, ಮಗುವಾದ ಮೇಲೆ ಕೊಟ್ಟಿಗೆ. ನಾನು ನೆನಪಿಸಿದಾಗೆಲ್ಲ ‘ಮೂರಕ್ಕೆ ಎರಡು ಬಂದಿದೆಯಲ್ಲೇ ತಿಲ್ಡಾ, ಪಾಸಾದ ಹಾಗೇ’ ಅಂತ ನಗಿಸಿಬಿಡ್ತಿದ್ದ. ನಾನೂ ನಕ್ಕೆ. ನನ್ನ ತಪ್ಪು ಅದೇ. ಕಾಗದಕ್ಕೂ ಒಂದು ಬೆಲೆಯಿದೆ ಅಂತ ಬ್ರೆಡ್ ಸುಡೋಳಿಗೆ ಎಲ್ಲಿ ಗೊತ್ತಾಗಬೇಕು!

ವೆರ್ನಾ ನಿಮ್ಮ ಹತ್ರ ಬಂದಾಗ ಕೆಲವು ವಿಷಯ ನೆನಪಿಟ್ಟುಕೊಳ್ಳಿ. ಮೀನು ತಿನ್ನಲ್ಲ, ಮೇಕೆ ಮಾಂಸದ ಸಾರು ಅಂದ್ರೆ ಪ್ರಾಣ. ನಿಂಬೆ ಹುಲ್ಲಿನ ಕಷಾಯಕ್ಕೆ ಎರಡು ಚಮಚ ಸಕ್ಕರೆ, ಒಂದೇ ಹಾಕಿದ್ರೆ ಗೊತ್ತಾಗಿಬಿಡುತ್ತೆ. ಲಾರಿ ಸದ್ದಿಗೆ ಮಂಚದ ಕೆಳಗೆ ಹೋಗ್ತಾಳೆ, ಬೈಯಬೇಡಿ, ನೀವೂ ಬಗ್ಗಿ ಕೈ ಚಾಚಿದ್ರೆ ಬರ್ತಾಳೆ. ಮಲಗೋವಾಗ ನನ್ನ ಕಿವಿಯ ತುದಿ ಹಿಡ್ಕೊಂಡೇ ಮಲಗೋದು. ಅಲ್ಲಿ ಯಾರ ಕಿವಿ ಹಿಡ್ಕೋತಾಳೆ? ಅಪ್ಪ ಹಸು ಹುಡುಕ್ಕೊಂಡು ಹೋಗಿದ್ದಾನೆ ಅಂತ ಇನ್ನೂ ಹೇಳ್ತಾಳೆ, ನಾನು ತಿದ್ದಿಲ್ಲ. ಅಮ್ಮನೂ ಇನ್ನೊಂದು ಹಡಗಿನಲ್ಲಿ ಹೋದಳು ಅಂತ ಅವಳಿಗೆ ಯಾವ ಬಾಯಿಂದ ಹೇಳಲಿ? ನನಗೆ ಹುಚ್ಚು ಹಿಡಿಯೋ ಹಾಗಿದೆ. ನಿನ್ನೆ ಅವಳ ತಲೆ ಬಾಚ್ತಾ ಬಾಚ್ತಾ, ಬಿಚ್ಚಿ ಮತ್ತೆ ಹೆಣೆದೆ, ಮತ್ತೆ ಬಿಚ್ಚಿದೆ, ‘ಅಮ್ಮಾ, ನೋಯುತ್ತೆ, ಸಾಕು’ ಅಂದಳು. ಥಿಯೋನ ಮೂಗು ಅವಳಿಗೆ, ಮೊಂಡುತನ ನಿಮ್ಮದು. ಇದನ್ನ ಹೊಗಳಿಕೆ ಅಂತಲೇ ತಿಳ್ಕೊಳ್ಳಿ.

ಲೋರ್ನಾಗೆ ನನ್ನ ನೆನಪು ಹೇಳಿ. ನಮ್ಮನ್ನ ಕಾಯದ ದೇವರು ನಿಮ್ಮನ್ನಾದ್ರೂ ಕಾಯಲಿ, ನಿಮ್ಮ ಮಂಡಿ ನಿಮಗೆ ಮೆಟ್ಟಿಲು ಹತ್ತಿಸಲಿ.

ನಿಮ್ಮ ಮಗನ ಮನೆಯಲ್ಲಿದ್ದವಳು,
ಕ್ಲೋಟಿಲ್ಡಾ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಫೆಂಟನ್ ಟೀಚರ್ ಚೀಲ ಹೆಗಲಿಗೆ ಹಾಕ್ಕೊಂಡು ‘ಬೇಗ ಬರೀ ಮಾರಾಯ್ತಿ’ ಅಂತ ನಿಂತಿದ್ದಾರೆ. ಅತ್ತೆ, ನಾನು ಮತ್ತೆ ಆ ಮೇಜಿಗೆ ಹೋಗಿದ್ದೆ. ಜೊಸೆಟ್ ಊಟಕ್ಕೆ ಹೋಗಿದ್ಲು, ಲಂಡನ್‌ನಿಂದ ಬಂದ ಬೇರೆಯವರು ಕೂತಿದ್ರು. ಸ್ವೀನಿ ಅವರ ಹೆಂಡತಿ ಅಂತ ಬರೆಸಿಬಿಟ್ಟೆ. ನಾನು ಹೇಳಿ ಬರೆಸಿದ್ದು ಇಷ್ಟು: 1989 ಅಕ್ಟೋಬರ್ ಏಳು, ಶನಿವಾರ. ಚರ್ಚಿಗೆ ಸೂರಿರಲಿಲ್ಲ, ಅದಕ್ಕೆ ನಿಮ್ಮ ಮನೆ ಅಂಗಳದಲ್ಲೇ ಮದುವೆ ಆಯ್ತು. ಪಾದ್ರಿಗಳು ತೀರಿಹೋಗಿದ್ದಾರೆ, ಪುಸ್ತಕ ಬೂದಿಯ ಅಡಿ ಇದೆ. ಸಾಕ್ಷಿ, ಹುಡುಗನ ತಾಯಿ ಅದೀನಾ ಸ್ವೀನಿ. ಇದು ನಿಜವಾ ಅಂತ ಕೇಳೋಕೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಲೋರ್ನಾ ಮನೆಗೆ ಅವರ ಫೋನ್ ಬರುತ್ತೆ. ದಿನಾಂಕ ಸರಿಯಾಗಿ ಹೇಳಿ: ಅಕ್ಟೋಬರ್ ಏಳು. ನೀವು ಬೈಬಲ್ ಮೇಲೆ ಕೈಯಿಟ್ಟು ಒಂದು ದಿನವೂ ಸುಳ್ಳಾಡಿದವರಲ್ಲ, ಗೊತ್ತು. ಇಲ್ಲ ಅಂತ ನಿಜ ಹೇಳಿದ್ರೆ ನಿಮ್ಮನ್ನ ದೂರಲ್ಲ, ಸುಳ್ಳು ಬರೆಸಿದ್ದಕ್ಕೆ ನನ್ನನ್ನ ಠಾಣೆಗೆ ಕರ್ಕೊಂಡು ಹೋಗ್ತಾರೆ, ಅಷ್ಟೇ. ವೆರ್ನಾಗೆ ನಾನು ಏನೂ ಹೇಳಿಲ್ಲ. ಅವಳು ಬೆಳಿಗ್ಗೆಯೇ ಎರಡು ಗಂಟು ಕಟ್ಟಿ, ಒಂದರಲ್ಲಿ ತನ್ನ ಬಟ್ಟೆ, ಒಂದರಲ್ಲಿ ನನ್ನದು, ಎರಡರ ಮೇಲೂ ಸೀಸದಕಡ್ಡಿಯಲ್ಲಿ ದಪ್ಪಗೆ ನಿಮ್ಮ ವಿಳಾಸ ಬರೆದಿಟ್ಟಿದ್ದಾಳೆ.