ಡಾಕ್ಟರ ತೊಡೆಯ ಮೇಲಿನ ಕಂಪ್ಯೂಟರ್

4 ಜುಲೈ 1988, ಸಂಜೆ

ಇವತ್ತೂ ಬ್ರೂಸ್‌ಪೇಟೆಯ ಕ್ಲಿನಿಕ್ ತುಂಬಿತ್ತು. ಏನು ತೊಂದರೆ ಎಂದು ಕೇಳಿದೆ, ಚೀಟಿ ಬರೆದೆ, ಹೆಸರು ಕೂಗಿದೆ. ನನ್ನ ದನಿ ಹೊರಗಿನ ಬೆಂಚು ಮುಟ್ಟುವುದಿಲ್ಲ. ಕಾಂಪೌಂಡರ್ ಜಡೆಪ್ಪನವರು ಇನ್ನೊಮ್ಮೆ ಕೂಗುತ್ತಾರೆ.

ಡಾಕ್ಟರ್ ಚಿದಾನಂದಪ್ಪನವರು ಬೊಂಬಾಯಿಯಿಂದ ತರಿಸಿದ ಕಂಪ್ಯೂಟರ್ ಬಂತು. ಮಡಚಿದರೆ ಸೀರೆಯ ಡಬ್ಬದಷ್ಟು. ಬ್ಯಾಟರಿ ಇದೆ, ತೊಡೆಯ ಮೇಲೇ ಇಟ್ಟುಕೊಳ್ಳಬಹುದು. ಪೇಷಂಟ್ ಹೇಳಿದ್ದನ್ನು ಡಾಕ್ಟರೇ ಟೈಪ್ ಮಾಡುತ್ತಾರಂತೆ. ಒಂದು ತಿಂಗಳ ಪರೀಕ್ಷೆ. ಹಿಡಿಸಿದರೆ ಚೀಟಿ ಬರೆಯುವವಳು ಬೇಡ... ಕನ್ನಡ ಬಿ.ಎ. ಹಿಡಿದುಕೊಂಡು ನಮ್ಮೂರು ಕರೂರಿಗೆ ವಾಪಸ್.

7 ಜುಲೈ, ಗುರುವಾರ

ಗುರುವಾರ ಜೀಪಿನಲ್ಲಿ ಹೊರ ಊರಿನ ಕ್ಲಿನಿಕ್; ಇವತ್ತು ಕುರುಗೋಡು. ಚನ್ನವೀರಮ್ಮ ಎಂಬ ಅಜ್ಜಿ ಡಾಕ್ಟರ ಮುಂದೆ ಕೂತರು. ಡಾಕ್ಟರ ಎರಡೂ ಕೈ ಕಂಪ್ಯೂಟರಿನ ಕೀಲಿಗಳ ಮೇಲೆ, ಕಣ್ಣು ಪರದೆಯ ಮೇಲೆ. ಅಜ್ಜಿ ಸ್ವಲ್ಪ ಕಾದರು. ಆಮೇಲೆ ಬಳೆ ಹಿಂದಕ್ಕೆ ಸರಿಸಿ ಮಣಿಕಟ್ಟನ್ನು ಕೀಲಿಗಳ ಮೇಲಿಟ್ಟರು. ಪರದೆ ತುಂಬ ಒಂದೇ ಅಕ್ಷರ.

“ಇದು ನಾಡಿ ನೋಡಂಗಿಲ್ಲಬೇ,” ಎಂದರು ಡಾಕ್ಟರು.

“ಮತ್ತ ನೀನೂ ಹಿಡಿದು ನೋಡವಲ್ಲೆಲ್ಲಪ್ಪ.”

ಎಲ್ಲರೂ ನಕ್ಕರು. ಡಾಕ್ಟರೂ. ನಾನೂ, ಸೆರಗಿನ ಮರೆಯಲ್ಲಿ.

21 ಜುಲೈ, ಸಿರುಗುಪ್ಪದಿಂದ ಬಂದ ಮೇಲೆ

ಎರಡು ವಾರದಿಂದ ಗಮನಿಸುತ್ತಿದ್ದೇನೆ. ಡಾಕ್ಟರ ಕಣ್ಣು ಕೆಳಗಿಳಿದರೆ ಪೇಷಂಟ್ ಮಾತು ನಿಲ್ಲುತ್ತದೆ. ಉಳಿದದ್ದನ್ನು ಹೊರಗೆ ನನಗೆ ಹೇಳುತ್ತಾರೆ. ಇದನ್ನು ನಾನು ಹೇಳಿದರೆ ಸ್ವಾರ್ಥದಂತೆ ಕಾಣುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಇವತ್ತು ದೇಶನೂರಿನ ವಿರೂಪಮ್ಮ ಬಂದಿದ್ದರು. ಭತ್ತದ ನಾಟಿ ಕೆಲಸದವರು. ಒಳಗೆ ಕೈ ನೋವು ಎಂದಷ್ಟೇ ಹೇಳಿ ಮುಲಾಮು ತಂದರು. ಹೊರಗೆ ಬಂದು ನನ್ನ ಹತ್ತಿರ — ರೊಟ್ಟಿಯ ಹಂಚಿಗೆ ಬೆರಳು ತಾಗಿ ಸುಟ್ಟರೂ ಗೊತ್ತೇ ಆಗಲಿಲ್ಲ ಎಂದು ನಗುತ್ತ ಹೇಳಿ ಬಸ್ಸಿಗೆ ಹೊರಟರು.

ಎದ್ದು ಒಳಗೆ ಹೋಗಿ ಹೇಳಿಬಿಟ್ಟೆ. ಜಡೆಪ್ಪನವರು ಓಡಿಹೋಗಿ ಬಸ್ಸಿನಿಂದ ಇಳಿಸಿ ಕರೆತಂದರು. ಡಾಕ್ಟರು ಕಂಪ್ಯೂಟರ್ ಪಕ್ಕಕ್ಕಿಟ್ಟು ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸೂಜಿ ತಾಗಿಸಿದರು. ಎರಡಕ್ಕೆ ಸ್ಪರ್ಶವಿಲ್ಲ. ಕುಷ್ಠದ ಮೊದಲ ಗುರುತು, ಬೇಗ ಸಿಕ್ಕಿತು, ಔಷಧಿಗೆ ವಾಸಿಯಾಗುತ್ತದೆ ಎಂದರು.

ವಾಪಸ್ ಬರುವಾಗ ಜೀಪಿನಲ್ಲಿ ನಾನೇ ಶುರುಮಾಡಿದೆ. ಗಮನಿಸಿದ್ದೆಲ್ಲ ಹೇಳಿದೆ.

“ನಿನ್ನ ಕೆಲಸ ಉಳಿಸಿಕೊಳ್ಳಾಕ ಹೇಳ್ತೀಯೇನು, ಸುವರ್ಣಾ?”

“ಹೌದ್ರಿ. ಆದ್ರೂ ಖರೇನ ಐತ್ರಿ.”

ಜಡೆಪ್ಪನವರು ಕಿಟಕಿಯಾಚೆ ನೋಡುತ್ತ ಕೆಮ್ಮಿದರು. ಡಾಕ್ಟರು ಕಂಪ್ಯೂಟರ್ ಎತ್ತಿ ನನ್ನ ತೊಡೆಯ ಮೇಲಿಟ್ಟರು.

“ಕಲಿ ಹಂಗಾರ. ಅದೂ ಇರ್ಲಿ, ನೀನೂ ಇರು.”

28 ಜುಲೈ, ಕುರುಗೋಡು, ಊಟದ ಹೊತ್ತು

ಡಾಕ್ಟರು ಕೈ ಹಿಡಿದು ಕೇಳುತ್ತಾರೆ. ಮೂಲೆಯಲ್ಲಿ ಕೂತು ನಾನು ಟೈಪ್ ಮಾಡುತ್ತೇನೆ. ಚುರುಚುರು, ಜುಮುಜುಮು ಎಲ್ಲಕ್ಕೂ ಇದರಲ್ಲಿರುವುದು ಒಂದೇ ಇಂಗ್ಲಿಷ್ ಪದ, ‘ಪೇನ್’. ನಾನು ಅವರ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತೇನೆ. ಡಾಕ್ಟರು ಓದಿ ನಗುತ್ತಾರೆ, ಅಳಿಸುವುದಿಲ್ಲ.

ಇವತ್ತು ಉಜ್ಜಿನಪ್ಪ ಎಂಬ ಅಜ್ಜ ತಮ್ಮ ತೊಂದರೆ ಹೇಳುತ್ತಿದ್ದಾಗ ನಡುವೆಯೇ ಬ್ಯಾಟರಿ ಮುಗಿಯಿತು. ಪರದೆ ಕಪ್ಪು. ಡಾಕ್ಟರಿಗೂ ಅಜ್ಜನಿಗೂ ಗೊತ್ತೇ ಆಗಲಿಲ್ಲ. ನಾನೂ ಮುಚ್ಚಳ ಮಡಚಿ ಕೇಳುತ್ತ ಕೂತೆ. ಅಜ್ಜ ಹೇಳಿದ್ದು, ಮರೆಯುವ ಮೊದಲು — ರಾತ್ರಿ ಮಲಗಿದರೆ ಎದೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದಂತಾಗುತ್ತದಂತೆ.