ಜೊಂಡು ಮುಚ್ಚಿದ ಕೆರೆ

ಅತ್ತೀ,

ನಿಮ್ಮ ಮಗನ ವಿಷಯ ಹೇಳಬೇಕಿದೆ. ಊರಲ್ಲಿ ಯಾರ ಮುಂದೆ ಹೇಳಿದರೂ "ಪಾರಾಗ್ಯಾನಲ್ಲ, ಬಿಡ ಬೇ" ಎನ್ನುತ್ತಾರೆ. ನನ್ನ ಎದೆ ಇನ್ನೂ ಯಾಕೆ ಹೊಡೆದುಕೊಳ್ಳುತ್ತದೆ ಎನ್ನುವುದು ಹೆತ್ತ ನಿಮಗಾದರೂ ತಿಳಿದೀತು.

ಮದುವೆಯಾಗಿ ದೇವಿಕೊಪ್ಪಕ್ಕೆ ಬಂದ ಹೊಸದರಲ್ಲಿ ನನ್ನನ್ನು ಕೆರೆಗೆ ಕರೆದೊಯ್ದದ್ದು ನೆನಪಿದೆಯೇ? ಯರಗುಪ್ಪಿಯ ಎರೆಹೊಲದಲ್ಲಿ ಬೆಳೆದವಳು ನಾನು. ಅಷ್ಟು ನೀರು ಕಂಡು ದಂಡೆಯಲ್ಲೇ ನಿಂತುಬಿಟ್ಟೆ. "ಹೆದರಬ್ಯಾಡ ನೀಲವ್ವ, ನನ್ನ ಸೆರಗ ಹಿಡಿ" ಎಂದಿರಿ. ನಮ್ಮ ಎಮ್ಮೆಗಳು ಕುತ್ತಿಗೆಯವರೆಗೆ ಇಳಿದು ಜೊಂಡಿನ ಎಳೆ ಸುಳಿ ಮೇಯುತ್ತಿದ್ದವು. ಆಚೆ ದಂಡೆಯವರೆಗೂ ನೀರು ಕಾಣುತ್ತಿತ್ತು, ನಡುನಡುವೆ ಬಿಳಿ ನೈದಿಲೆ.

ನಿಮ್ಮ ಕೊನೆಯ ಬೇಸಿಗೆಯಲ್ಲಿ ಸುತ್ತಲಿನ ಊರುಗಳ ದನ, ಎಲ್ಲಿಂದಲೋ ಬಂದ ಕುರಿಹಿಂಡು, ಎಲ್ಲವೂ ಈ ಕೆರೆಗೇ ಇಳಿದವು. ಒಂದೆಲಗ ಬೆಳೆಯುತ್ತಿದ್ದ ಕಡೆ ಬರೀ ಗೊರಸಿನ ಗುಂಡಿ. "ಅಗದಿ ಬೋಳ ಆತಲ್ಲ ಬೇ" ಎಂದು ಅತ್ತಿರಿ. ನೀವು ಹೋದ ಮೇಲೆ ಊರವರು ಕೂಡಿ ಸುತ್ತ ತಂತಿಬೇಲಿ ಹಾಕಿದರು. ಯಾವ ದನವೂ ಇಳಿಯಬಾರದು ಎಂದಾಯಿತು. ಮೊದಲ ಮಳೆಗಾಲದಲ್ಲಿ ದಂಡೆಯ ಹಸಿರು ಕಂಡು, ಅತ್ತಿ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಆಮೇಲೆ ಜೊಂಡೊಂದೇ ಬೆಳೆಯಿತು. ಕಡಿಯುವ ಬಾಯಿಲ್ಲ, ತುಳಿಯುವ ಕಾಲಿಲ್ಲ. ಆಳೆತ್ತರ ಎದ್ದು ಬಿಸಿಲನ್ನೆಲ್ಲ ತಾನೇ ಹಿಡಿಯಿತು. ನೈದಿಲೆ ಕಾಣದಾಯಿತು, ಒಂದೆಲಗವೂ ಹೋಯಿತು. ಗಾಳಿ ಬಂದರೆ ಕೆರೆಗೆ ಕೆರೆಯೇ ಸರಸರ ಎನ್ನುತ್ತಿತ್ತು. ನೀರೆಲ್ಲಿ, ನೆಲವೆಲ್ಲಿ, ಒಂದೂ ತಿಳಿಯುತ್ತಿರಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಎಮ್ಮೆ ಗೌರಿ ಬೇಲಿ ಮುರಿದು ಒಳಗೆ ನುಗ್ಗಿತು. "ನೀ ಇಲ್ಲೇ ನಿಂದ್ರು, ಹೊಡಕೊಂಡ ಬರ್ತೀನಿ" ಎಂದು ಇವರು ಹೊಕ್ಕರು. ಹಿಂದೆಯೇ ಜೊಂಡು ಮುಚ್ಚಿಕೊಂಡಿತು. ಒಮ್ಮೆ "ಹೋಯ್" ಎಂದದ್ದು ಕೇಳಿಸಿತು. ಆಮೇಲೆ ಬರೀ ಸರಸರ. "ರೀ… ರೀ…" ಎಂದು ಕೂಗಿದೆ. ಕಾಲಿಟ್ಟರೆ ರಾಡಿ ಮೊಣಕಾಲಿನವರೆಗೆ ಹಿಡಿಯಿತು. ಹೊರಳಿ ನೋಡಿದರೆ ದಂಡೆಯೇ ಇಲ್ಲ, ಎಲ್ಲ ಕಡೆ ಅದೇ ಹಸಿರು ಗೋಡೆ. ಇರುವ ಒಬ್ಬ ಮಗನನ್ನು ನನ್ನ ಕೈಗೆ ಕೊಟ್ಟು ಹೋದಿರಿ, ಅತ್ತಿ. ನಾನು ನಿಮಗೆ ಏನೆಂದು…

ನನ್ನ ಕೂಗು ಕೇಳಿ ಬಾಜು ಮನೆಯ ಬಸಪ್ಪ ಕಾಕಾ ಹಗ್ಗ, ಕುಡುಗೋಲು ಹಿಡಿದು ನಾಲ್ಕು ಮಂದಿಯೊಂದಿಗೆ ಓಡಿ ಬಂದು ಮೊದಲು ನನ್ನನ್ನು ದಂಡೆಗೆ ಎಳೆದರು. "ಇದ್ರಾಗ ಎಲ್ಲಿ ಅಂತ ಹುಡುಕೂಣು?" ಎಂದ ಒಬ್ಬ. ಗೌರಿ ಬಾಯಿ ಹಾಕಿದ ಕಡೆ ಜೊಂಡಿನ ತುದಿ ಹರಿದು ಹಸಿಯಾಗಿತ್ತು. ಅದೊಂದೇ ಗುರುತು, ಅದನ್ನೇ ಹಿಡಿದು ಹೋದರು. ಎದೆಮಟ್ಟ ಹೂಳಿನಲ್ಲಿ ಸಿಕ್ಕಿದ್ದರು ಇವರು, ಎರಡೂ ಕೈಯಲ್ಲಿ ಜೊಂಡು ಬಿಗಿದು ಹಿಡಿದು. ದನಿ ಅಡಗಿತ್ತು. ಎಳೆದು ತಂದಾಗ ನನ್ನ ಗುರುತೇ ಸಿಗದವರಂತೆ ನೋಡಿದರು. ಗೌರಿ ಅಷ್ಟರಲ್ಲಿ ತಾನಾಗಿಯೇ ದಂಡೆ ಹತ್ತಿತ್ತು.

ಮರುದಿನ ಗುಡಿ ಕಟ್ಟೆಯಲ್ಲಿ ಊರು ಕೂಡಿತು. "ಬೇಲಿ ಕಿತ್ತ ಒಗೀರಿ!" ಎಂದರು ಕೆಲವರು. "ಕಿತ್ತರ ಮತ್ತ ಹಿಂಡ ಬರ್ತಾವ. ಅತ್ತ ಬೋಳ, ಇತ್ತ ಅಡವಿ. ಎರಡೂ ಬ್ಯಾಡ" ಎಂದರು ಕಾಕಾ. ಕೊನೆಗೆ ಊರಿನ ಎಮ್ಮೆಗಳನ್ನಷ್ಟೇ, ನೀರು ಇಳಿದ ಕಾಲಕ್ಕೆ, ಒಂದು ಬದಿಯಿಂದ ಬಿಡುವುದೆಂದಾಯಿತು. ಕಾಯುವವರು ಯಾರು? "ನಾ ಹೋಗ್ತೀನ್ರಿ" ಎಂದುಬಿಟ್ಟೆ. ಕೆರೆ ಕಡೆ ಮುಖ ಮಾಡಿದರೂ ಇವರು ನಡುಗುತ್ತಾರೆ. ಎಮ್ಮೆಗಳಿಗೆ ಮತ್ತ್ಯಾರಿದ್ದಾರೆ?

ಈಗ ದಿನಾ ಹೋಗುತ್ತೇನೆ. ಎಮ್ಮೆ ಮೇಯ್ದ ಬದಿಯಲ್ಲಿ ಅಂಗಳದಷ್ಟು ನೀರು ತೆರೆದುಕೊಂಡಿದೆ. ಆದರೆ ನಿನ್ನೆ ಆಚೆ ಕಡೆ ಯಾರೋ ತಂತಿ ಕತ್ತರಿಸಿದ್ದರು, ಹಸಿ ಮಣ್ಣಿನಲ್ಲಿ ಕುರಿಗಳ ಹೆಜ್ಜೆ. ಯಾರ ಹಿಂಡೋ! ಬೋಳಿನ ಭಯ ಒಂದು ಕಡೆ, ಬೆನ್ನ ಹಿಂದಿನ ಸರಸರ ಇನ್ನೊಂದು ಕಡೆ.

ನೀವು ಕೇಳದ ಸುದ್ದಿ ಒಂದಿದೆ, ಅತ್ತಿ. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮ ಮಗ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಈಗ ಹೊತ್ತು ಇಳಿಯುವಾಗ ಕೆರೆ ದಾರಿಯ ಅರ್ಧಕ್ಕೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಕಾಲು ಏಳುವುದಿಲ್ಲ. ನಿಂತಲ್ಲಿಂದಲೇ ಊರಿಗೆಲ್ಲ ಕೇಳುವಂತೆ "ನೀಲಾ! ನೀಲಾ!" ಎಂದು ಕೂಗುತ್ತಾರೆ. ನಾನು "ಬಂದ್ನಿರೀ" ಎನ್ನುವವರೆಗೂ ನಿಲ್ಲಿಸುವುದಿಲ್ಲ.

ನಿಮ್ಮ ಸೊಸೆ,
ನೀಲವ್ವ